ಕಾರು ಓಡಿಸದೆ ಇಂಗ್ಲೆಂಡ್, ಐರ್ಲೆಂಡ್: ಮನೆಮಂದಿಯೆಲ್ಲ ಹೋಗಿಬರಲು ಸಮಗ್ರ ಮಾರ್ಗದರ್ಶಿ

ಇಂಗ್ಲೆಂಡ್, ಐರ್ಲೆಂಡ್ ಎರಡೂ ಕಡೆ ನಮ್ಮ ಹಾಗೆಯೇ ರಸ್ತೆಯ ಎಡಗಡೆ ಗಾಡಿ ಓಡಿಸುತ್ತಾರೆ. ಅದಕ್ಕೇ ತುಂಬ ಜನ "ಅಲ್ಲೇ ಒಂದು ಕಾರು ಬಾಡಿಗೆಗೆ ತಗೊಂಡರೆ ಆಯ್ತು" ಎಂದುಕೊಂಡು ಶುರು ಮಾಡುತ್ತಾರೆ. ಬೇಡ. ಹತ್ತು ಗಂಟೆ ವಿಮಾನದಲ್ಲಿ ಕೂತು ಬಂದವರು, ಎರಡೂ ಬದಿ ಕಲ್ಲಿನ ಗೋಡೆ ಇರುವ, ಎದುರು ಗಾಡಿ ಬಂದರೆ ಹಿಂದಕ್ಕೆ ಹೋಗಬೇಕಾದ ಸಣ್ಣ ರಸ್ತೆಯಲ್ಲಿ ಸ್ಟಿಯರಿಂಗ್ ಹಿಡಿದು ಕೂತರೆ, ರಜೆ ಯಾರಿಗೆ? ಹಿಂದಿನ ಸೀಟಿನವರಿಗೆ ಬೆಟ್ಟ, ಕಡಲು, ಕುರಿ ಎಲ್ಲ ಕಾಣುತ್ತದೆ. ಓಡಿಸುವವರಿಗೆ ರಸ್ತೆ ಮಾತ್ರ. ಲಂಡನ್ನಿನಲ್ಲಂತೂ ಕಾರು ನಿಲ್ಲಿಸುವ ಖರ್ಚಿನಲ್ಲೇ ಇಡೀ ಮನೆಯವರು ಬಸ್ಸಿನಲ್ಲಿ ಓಡಾಡಬಹುದು.

ರೈಲು, ಬಸ್ಸು, ಹಡಗು ಇಷ್ಟರಲ್ಲೇ ಈ ಎರಡು ದೇಶಗಳನ್ನು ಚೆನ್ನಾಗಿ ನೋಡಬಹುದು. ಆದರೆ ಅದಕ್ಕೆ ತಕ್ಕ ಹಾಗೆ ಪ್ಲಾನ್ ಮಾಡಬೇಕು. ಕಾರಿನಲ್ಲಿ ಹೋಗುವವರ ಪಟ್ಟಿ ಹಿಡಿದುಕೊಂಡು, ಅದನ್ನೇ ರೈಲಿನಲ್ಲಿ ಮಾಡಲು ಹೊರಟರೆ ಸೋತು ಸುಣ್ಣವಾಗುತ್ತೀರಿ. ನಾನು ಒತ್ತಿ ಹೇಳುವುದು ಮೂರೇ ವಿಷಯ. ಊರುಗಳನ್ನು ಕಡಿಮೆ ಇಟ್ಟುಕೊಳ್ಳಿ. ಅವು ಒಂದೇ ದಾರಿಯಲ್ಲಿ ಸಾಲಾಗಿ ಬರುವಂತಿರಲಿ. ಉಳಿಯುವ ಜಾಗ ನಿಲ್ದಾಣದಿಂದ ಪೆಟ್ಟಿಗೆ ಎಳೆದುಕೊಂಡು ನಡೆದು ಹೋಗುವಷ್ಟು ಹತ್ತಿರ ಇರಲಿ. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಮೊದಲು ವೀಸಾ, ಆಮೇಲೆ ದಾರಿ

ಎರಡು ದೇಶ, ಹಾಗಾದರೆ ಎರಡು ವೀಸಾ ಅಲ್ವಾ? ಭಾರತದ ಪಾಸ್‌ಪೋರ್ಟ್ ಇರುವವರಿಗೆ ಇಲ್ಲಿ ಒಂದು ಅನುಕೂಲ ಇದೆ. ಬ್ರಿಟಿಷ್-ಐರಿಷ್ ವೀಸಾ ಸ್ಕೀಮ್ ಎಂಬ ವ್ಯವಸ್ಥೆ 2015ರಿಂದ ಭಾರತೀಯರಿಗೂ ಇದೆ. ಇದರಲ್ಲಿ ಒಂದೇ ವೀಸಾದಲ್ಲಿ ಎರಡೂ ದೇಶ ನೋಡಬಹುದು. ಆದರೆ ಎರಡು ಷರತ್ತು ಇವೆ. ವೀಸಾಕ್ಕೆ ಬಿಐವಿಎಸ್ ಎಂಬ ಗುರುತು ಇರಬೇಕು. ಯಾವ ದೇಶ ವೀಸಾ ಕೊಟ್ಟಿದೆಯೋ ಆ ದೇಶಕ್ಕೇ ಮೊದಲು ಹೋಗಬೇಕು. ಬ್ರಿಟನ್ ವೀಸಾ ಹಿಡಿದುಕೊಂಡು ನೇರವಾಗಿ ಡಬ್ಲಿನ್‌ನಲ್ಲಿ ಇಳಿಯುವ ಹಾಗಿಲ್ಲ. ಹಾಗಾಗಿ ಯಾವ ವೀಸಾ ತಗೊಳ್ಳುತ್ತೀರಿ ಎನ್ನುವುದರ ಮೇಲೆಯೇ ಪ್ರವಾಸ ಯಾವ ದಿಕ್ಕಿಗೆ ಹೋಗುತ್ತದೆ ಎನ್ನುವುದು ತೀರ್ಮಾನ ಆಗುತ್ತದೆ. ಇದನ್ನು ಬಿಟ್ಟು ಮೊದಲು ವಿಮಾನ ಟಿಕೆಟ್ ತಗೊಂಡರೆ ಆಮೇಲೆ ಕಷ್ಟ.

ಈ ವ್ಯವಸ್ಥೆ ಭಾರತದಿಂದ ಅರ್ಜಿ ಹಾಕುವವರಿಗೆ. ದುಬೈ, ಸಿಂಗಪುರದಂಥ ಕಡೆ ಇರುವ ಕನ್ನಡಿಗರು ತಮಗೆ ಯಾವ ನಿಯಮ ಎಂದು ಐರ್ಲೆಂಡ್ ವಲಸೆ ಇಲಾಖೆಯ ವೆಬ್‌ಸೈಟಿನಲ್ಲಿ ನೋಡಿಕೊಳ್ಳಬೇಕು. ಇನ್ನೊಂದು ಮಾತು. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾ ಈ ಎರಡು ದೇಶಕ್ಕೂ ಆಗುವುದಿಲ್ಲ. ಐರ್ಲೆಂಡ್ ಯುರೋಪಿಯನ್ ಯೂನಿಯನ್‌ನಲ್ಲಿದೆ, ಯೂರೋ ಬಳಸುತ್ತದೆ, ಆದರೂ ಷೆಂಗೆನ್ ಒಳಗೆ ಇಲ್ಲ.

ಅರ್ಜಿಯನ್ನು ಪ್ರಯಾಣಕ್ಕೆ ಮೂರು ತಿಂಗಳು ಇರುವಾಗಿನಿಂದ ಹಾಕಬಹುದು. ಆ ಬಾಗಿಲು ತೆರೆದ ವಾರವೇ ಹಾಕಿ. ಮಕ್ಕಳಿಗೆ ಬೇರೆ ಬೇರೆ ಅರ್ಜಿ, ಜನನ ಪ್ರಮಾಣಪತ್ರ ಬೇಕು. ಅಪ್ಪ ಅಮ್ಮನಲ್ಲಿ ಒಬ್ಬರೇ ಹೋಗುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಇಟ್ಟುಕೊಳ್ಳಿ. ವೀಸಾ ಬಂದ ದಿನವೇ ಹೆಸರು, ತಾರೀಕು, ಬಿಐವಿಎಸ್ ಗುರುತು ಮೂರನ್ನೂ ಮನೆಯವರೆಲ್ಲರದ್ದೂ ಒಂದೊಂದಾಗಿ ನೋಡಿ.

ನನ್ನ ಆಯ್ಕೆ ಕೇಳಿದರೆ, ಬೆಂಗಳೂರಿನಿಂದ ಹೊರಡುವ ಕುಟುಂಬಕ್ಕೆ ಬ್ರಿಟನ್ ವೀಸಾ, ಲಂಡನ್‌ನಿಂದ ಶುರು, ಡಬ್ಲಿನ್‌ನಿಂದ ವಾಪಸ್. ಲಂಡನ್ನಿಗೆ ಬೆಂಗಳೂರಿನಿಂದ ನೇರ ವಿಮಾನ ಇದೆ. ಅಜ್ಜ ಅಜ್ಜಿ, ಚಿಕ್ಕ ಮಕ್ಕಳು ಇದ್ದರೆ ಮೊದಲ ಪ್ರಯಾಣ ನೇರವಾಗಿ ಇರುವುದೇ ದೊಡ್ಡ ಸಮಾಧಾನ. ಡಬ್ಲಿನ್‌ಗೆ ನೇರ ವಿಮಾನ ಇಲ್ಲ, ದುಬೈ, ಅಬುಧಾಬಿ ಅಥವಾ ದೋಹಾ ಮೇಲೆ ಬರಬೇಕು. ವಿಮಾನದ ವೆಬ್‌ಸೈಟಿನಲ್ಲಿ "ಮಲ್ಟಿ ಸಿಟಿ" ಒತ್ತಿ, ಹೋಗುವುದು ಲಂಡನ್, ಬರುವುದು ಡಬ್ಲಿನ್ ಎಂದು ಹಾಕಿ. ಎಷ್ಟೋ ಸಲ ಹೋಗಿಬರುವ ಟಿಕೆಟ್ಟಿಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಇದ್ದರೂ, ವಾಪಸ್ ಲಂಡನ್‌ಗೆ ಬರುವ ಒಂದು ದಿನ ಮತ್ತು ಖರ್ಚು ಉಳಿಯುತ್ತದೆ.

ಯಾವಾಗ?

ನಮ್ಮ ಮಕ್ಕಳ ಬೇಸಿಗೆ ರಜೆ ಏಪ್ರಿಲ್, ಮೇನಲ್ಲಿ ಬರುವುದು ಅದೃಷ್ಟ. ಅಲ್ಲಿ ಆಗ ವಸಂತ. ಈಸ್ಟರ್ ರಜೆ ಮುಗಿದ ಮೇಲೆ, ಮೇ ಕೊನೆಯ ವಾರದ ಅವರ ಶಾಲಾ ರಜೆ ಶುರುವಾಗುವ ಮೊದಲು ಹೋದರೆ ಜನ ಕಡಿಮೆ, ಬಾಡಿಗೆಯೂ ಕಡಿಮೆ. ಬೆಳಕು ಸಂಜೆ ಎಂಟೂವರೆ, ಒಂಬತ್ತರವರೆಗೂ ಇರುತ್ತದೆ. ಚಳಿ ಇರುತ್ತದೆ, ಮಳೆ ಯಾವಾಗ ಬೇಕಾದರೂ ಬರುತ್ತದೆ, ಅದಕ್ಕೆ ಕೊಡೆಗಿಂತ ಟೋಪಿ ಇರುವ ರೈನ್‌ಕೋಟ್ ಮೇಲು. ಕಡಲ ದಂಡೆಯ ಗಾಳಿಯಲ್ಲಿ ಕೊಡೆ ನಿಲ್ಲುವುದಿಲ್ಲ.

ಕ್ಯಾಲೆಂಡರ್‌ನಲ್ಲಿ ಬ್ಯಾಂಕ್ ಹಾಲಿಡೇ ಎಂಬ ಸೋಮವಾರಗಳನ್ನು ಗುರುತು ಹಾಕಿಕೊಳ್ಳಿ. ಇಂಗ್ಲೆಂಡಿನಲ್ಲಿ ಮೇ ಮೊದಲ ಮತ್ತು ಕೊನೆಯ ಸೋಮವಾರ, ಆಗಸ್ಟ್ ಕೊನೆಯ ಸೋಮವಾರ. ಐರ್ಲೆಂಡಿನಲ್ಲಿ ಮೇ, ಜೂನ್, ಆಗಸ್ಟ್ ಮೊದಲ ಸೋಮವಾರ. ಆ ವಾರಾಂತ್ಯಗಳಲ್ಲಿ ಹೋಟೆಲ್ ದುಬಾರಿ. ಅದಕ್ಕಿಂತ ಮುಖ್ಯ, ಇಂಗ್ಲೆಂಡಿನಲ್ಲಿ ಹಳಿ ರಿಪೇರಿಯನ್ನು ಭಾನುವಾರ ಮತ್ತು ಇಂಥ ರಜೆಗಳಲ್ಲೇ ಇಟ್ಟುಕೊಳ್ಳುತ್ತಾರೆ. ರೈಲಿನ ಬದಲು ಬಸ್ಸು ಹತ್ತಿಸುತ್ತಾರೆ. ಊರು ಬದಲಾಯಿಸುವ ದಿನವನ್ನು ಭಾನುವಾರ ಇಡಲೇಬೇಡಿ. ಮಂಗಳವಾರ, ಬುಧವಾರ, ಗುರುವಾರ ಒಳ್ಳೆಯದು. ಕ್ರಿಸ್‌ಮಸ್ ದಿನ ಎರಡೂ ದೇಶದಲ್ಲಿ ರೈಲೇ ಓಡುವುದಿಲ್ಲ.

ದಾರಿ ಹೀಗಿರಲಿ

ಲಂಡನ್‌ನಲ್ಲಿ 5 ರಾತ್ರಿ, ವಿಂಡರ್ಮಿಯರ್‌ನಲ್ಲಿ 3, ಚೆಸ್ಟರ್‌ನಲ್ಲಿ 1, ಡಬ್ಲಿನ್‌ನಲ್ಲಿ 2, ಗಾಲ್ವೇಯಲ್ಲಿ 3. ಒಟ್ಟು 14 ರಾತ್ರಿ, ಐದೇ ಊರು. ಇದನ್ನು ನಕ್ಷೆಯಲ್ಲಿ ಗೆರೆ ಎಳೆದು ನೋಡಿ. ಲಂಡನ್‌ನಿಂದ ವಾಯವ್ಯಕ್ಕೆ ಸರೋವರಗಳ ನಾಡು, ಅಲ್ಲಿಂದ ಕೆಳಗೆ ಚೆಸ್ಟರ್, ಅಲ್ಲಿಂದ ವೇಲ್ಸ್ ಕರಾವಳಿಯ ಉದ್ದಕ್ಕೂ ಪಶ್ಚಿಮಕ್ಕೆ ಹಾಲಿಹೆಡ್ ಬಂದರು, ಹಡಗಿನಲ್ಲಿ ಡಬ್ಲಿನ್, ಆಮೇಲೆ ಐರ್ಲೆಂಡನ್ನು ಅಡ್ಡ ಹಾಯ್ದು ಗಾಲ್ವೇ. ಬಂದ ದಾರಿಯಲ್ಲೇ ವಾಪಸ್ ಓಡಾಡುವುದು ತುಂಬ ಕಡಿಮೆ.

"ಬಾತ್ ಇಲ್ವಾ, ಯಾರ್ಕ್ ಇಲ್ವಾ, ಸ್ಟೋನ್‌ಹೆಂಜ್ ಇಲ್ವಾ?" ಎಂದು ಮನೆಯಲ್ಲಿ ಕೇಳುತ್ತಾರೆ. ಇವುಗಳಲ್ಲಿ ಒಂದೋ ಎರಡೋ ಲಂಡನ್‌ನಿಂದ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ವಾಟರ್‌ಲೂ ನಿಲ್ದಾಣದಿಂದ ಸಾಲ್ಸ್‌ಬರಿಗೆ ಸುಮಾರು ಒಂದೂವರೆ ಗಂಟೆ, ಸಾಲ್ಸ್‌ಬರಿ ನಿಲ್ದಾಣದ ಹೊರಗಿನಿಂದಲೇ ಸ್ಟೋನ್‌ಹೆಂಜ್‌ಗೆ ಪ್ರವಾಸಿ ಬಸ್ಸು. ಪ್ಯಾಡಿಂಗ್ಟನ್‌ನಿಂದ ಬಾತ್ ಒಂದೂಕಾಲು, ಒಂದೂವರೆ ಗಂಟೆ. ಕಿಂಗ್ಸ್ ಕ್ರಾಸ್‌ನಿಂದ ಯಾರ್ಕ್ ಸುಮಾರು ಎರಡು ಗಂಟೆ, ಅಲ್ಲಿನ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂಗೆ ಪ್ರವೇಶ ಉಚಿತ. ರೈಲು ಹುಚ್ಚಿನ ಮಗು ಇದ್ದರೆ ಉಳಿದದ್ದೆಲ್ಲ ಬಿಟ್ಟು ಯಾರ್ಕ್‌ಗೇ ಹೋಗಿ. ಹಾಗೆಯೇ ಐರ್ಲೆಂಡಿನಲ್ಲಿ ಗಾಲ್ವೇ ಬದಲು ಕಿಲಾರ್ನಿ ಆರಿಸಬಹುದು, ಎರಡೂ ಬೇಕೆಂದರೆ ಇನ್ನೂ ಮೂರು ರಾತ್ರಿ ಸೇರಿಸಿ. ಎರಡನ್ನೂ ಅದೇ ದಿನಗಳಲ್ಲಿ ತುರುಕಬೇಡಿ.

ಬುಕಿಂಗ್ ಯಾವ ಕ್ರಮದಲ್ಲಿ

ಮೊದಲು ರದ್ದು ಮಾಡಬಹುದಾದ ಹೋಟೆಲ್‌ಗಳು. ಆಮೇಲೆ ವೀಸಾ ಅರ್ಜಿ. ವೀಸಾ ಕೈಗೆ ಬಂದ ಮೇಲೆ ರೈಲು, ಹಡಗಿನ ಟಿಕೆಟ್. ಇಂಗ್ಲೆಂಡಿನ ಅಗ್ಗದ ರೈಲು ಟಿಕೆಟ್‌ಗಳು ಸಾಮಾನ್ಯವಾಗಿ 12 ವಾರ ಮೊದಲು ಬಿಡುಗಡೆ ಆಗುತ್ತವೆ, ವೀಸಾ ಬಾಗಿಲೂ ಸುಮಾರು ಆಗಲೇ ತೆರೆಯುತ್ತದೆ. ಅಗ್ಗ ಸಿಗುತ್ತಿದೆ ಎಂದು ವೀಸಾಕ್ಕಿಂತ ಮೊದಲು ಕೊಳ್ಳಬೇಡಿ, ಆ ಟಿಕೆಟ್‌ಗೆ ಹಣ ವಾಪಸ್ ಇಲ್ಲ. ವೀಸಾ ಬಂದ ಸಂಜೆಯೇ ಕೂತು ಕೊಂಡರೆ ಸಾಕಷ್ಟು ಉಳಿಯುತ್ತದೆ.

ಹೋಟೆಲ್ ಹುಡುಕುವಾಗ "ಫ್ಯಾಮಿಲಿ ರೂಮ್" ಎಂದೇ ಹುಡುಕಿ. ಪ್ರೀಮಿಯರ್ ಇನ್, ಟ್ರಾವೆಲಾಡ್ಜ್‌ನಂಥ ಕಡೆ ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಒಂದೇ ಕೋಣೆಯಲ್ಲಿ ಇರಬಹುದು. ನಕ್ಷೆ ತೆರೆದು ನಿಲ್ದಾಣದಿಂದ ನಡಿಗೆಯ ದೂರ ನೋಡಿ. ಹತ್ತು ನಿಮಿಷಕ್ಕಿಂತ ಜಾಸ್ತಿ ಇದ್ದರೆ ಬೇರೆ ನೋಡಿ. ಎರಡು ಸಾವಿರ ರೂಪಾಯಿ ಕಡಿಮೆ ಎಂದು ಊರಾಚೆ ಉಳಿದರೆ ಅದಕ್ಕಿಂತ ಜಾಸ್ತಿ ಟ್ಯಾಕ್ಸಿಗೆ ಹೋಗುತ್ತದೆ. ಲಿಫ್ಟ್ ಇದೆಯಾ ಎಂದೂ ಕೇಳಿ, ಹಳೆಯ ಕಟ್ಟಡಗಳಲ್ಲಿ ಮೂರು ಮಹಡಿ ಮೆಟ್ಟಿಲು ಇರುವುದು ಮಾಮೂಲು.

ರೈಲು ಟಿಕೆಟ್: ದುಡ್ಡು ಉಳಿಯುವುದು ಇಲ್ಲೇ

ಇಂಗ್ಲೆಂಡಿನಲ್ಲಿ ಮೂರು ಬಗೆಯ ಟಿಕೆಟ್ ನೆನಪಿಟ್ಟುಕೊಂಡರೆ ಸಾಕು. ಅಡ್ವಾನ್ಸ್ ಅಗ್ಗ, ಆದರೆ ಆ ದಿನ, ಆ ಹೊತ್ತಿನ ಆ ರೈಲಿಗೆ ಮಾತ್ರ. ಆಫ್-ಪೀಕ್ ಟಿಕೆಟ್‌ನಲ್ಲಿ ಜನಜಂಗುಳಿಯ ಹೊತ್ತು ಬಿಟ್ಟು ಬೇರೆ ಯಾವ ರೈಲಾದರೂ ಹತ್ತಬಹುದು. ಎನಿಟೈಮ್ ಯಾವಾಗ ಬೇಕಾದರೂ, ಬೆಲೆಯೂ ಹಾಗೆಯೇ. ದೂರದ ಪ್ರಯಾಣಕ್ಕೆ ಅಡ್ವಾನ್ಸ್, ಲಂಡನ್‌ನಿಂದ ಒಂದು ದಿನ ಹೋಗಿಬರಲು ಆಫ್-ಪೀಕ್ ತಗೊಳ್ಳಿ. ಹವಾಮಾನ ನೋಡಿಕೊಂಡು ದಿನ ಬದಲಿಸಲು ಆಫ್-ಪೀಕ್ ಅನುಕೂಲ.

ಮಕ್ಕಳಿರುವವರು ತಪ್ಪದೆ ತಗೊಳ್ಳಬೇಕಾದ್ದು ಫ್ಯಾಮಿಲಿ ಅಂಡ್ ಫ್ರೆಂಡ್ಸ್ ರೈಲ್‌ಕಾರ್ಡ್. ಬೆಲೆ 35 ಪೌಂಡ್, ಒಂದು ವರ್ಷ ನಡೆಯುತ್ತದೆ, ಪ್ರವಾಸಿಗಳೂ ಕೊಳ್ಳಬಹುದು. ದೊಡ್ಡವರ ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ, 5ರಿಂದ 15 ವರ್ಷದ ಮಕ್ಕಳ ಟಿಕೆಟ್‌ನಲ್ಲಿ ಶೇಕಡಾ 60 ಕಡಿತ. ಲೆಕ್ಕ ಹಾಕಿ ನೋಡಿ. ಒಂದು ಪ್ರಯಾಣಕ್ಕೆ ದೊಡ್ಡವರಿಗೆ 60 ಪೌಂಡ್, ಮಕ್ಕಳಿಗೆ 30 ಪೌಂಡ್ ಎಂದಿಟ್ಟುಕೊಳ್ಳಿ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳಿಗೆ 180 ಪೌಂಡ್ ಆಯಿತು. ಕಾರ್ಡ್ ಇದ್ದರೆ 40, 40, 12, 12, ಅಂದರೆ 104. ಒಂದೇ ಪ್ರಯಾಣದಲ್ಲಿ ಕಾರ್ಡಿನ ದುಡ್ಡು ಹುಟ್ಟಿ ಇನ್ನೂ ಉಳಿಯುತ್ತದೆ. ಒಂದು ಕಾರ್ಡಿನಲ್ಲಿ ನಾಲ್ವರು ದೊಡ್ಡವರು, ನಾಲ್ವರು ಮಕ್ಕಳವರೆಗೆ ಹೋಗಬಹುದು. ಅಂದರೆ ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಮಕ್ಕಳು ಎಲ್ಲರೂ ಒಂದರಲ್ಲೇ. ಆದರೆ ಪ್ರಯಾಣದಲ್ಲಿ 5 ವರ್ಷ ದಾಟಿದ ಒಂದು ಮಗುವಾದರೂ ಟಿಕೆಟ್ ಸಮೇತ ಜೊತೆಗೆ ಇರಲೇಬೇಕು. ಲಂಡನ್ ಸುತ್ತಮುತ್ತ ಬೆಳಗಿನ ಜನಜಂಗುಳಿಯ ಹೊತ್ತಿಗೆ ಕಾರ್ಡ್ ನಡೆಯುವುದಿಲ್ಲ. 5 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟೇ ಇಲ್ಲ.

ಪ್ರವಾಸಿಗಳಿಗೆಂದೇ ಇರುವ ಬ್ರಿಟ್‌ರೈಲ್ ಎಂಬ ರೈಲು ಪಾಸ್ ತಗೊಳ್ಳಬೇಕಾ ಎಂದರೆ, ದಿನ ಬಿಟ್ಟು ದಿನ ದೂರದೂರ ಓಡುವವರಿಗೆ ಸರಿ. ಐದೇ ಊರಿನ ಈ ಪ್ರವಾಸಕ್ಕೆ ಅಡ್ವಾನ್ಸ್ ಟಿಕೆಟ್ ಮತ್ತು ರೈಲ್‌ಕಾರ್ಡೇ ಅಗ್ಗ. ಟಿಕೆಟ್ ಕೊಳ್ಳುವಾಗ ಸೀಟ್ ಕಾಯ್ದಿರಿಸಿ, ಅದಕ್ಕೆ ದುಡ್ಡಿಲ್ಲ. ನಡುವೆ ಮೇಜಿರುವ ನಾಲ್ಕು ಸೀಟು ಕೇಳಿ. ಮಕ್ಕಳು ಬಣ್ಣ ಹಚ್ಚುತ್ತಾ ಕೂರುತ್ತಾರೆ, ಬುತ್ತಿ ಬಿಚ್ಚಲೂ ಜಾಗ.

ಮಂಡಿ ನೋವಿನವರು, ಗಾಲಿಕುರ್ಚಿ ಬೇಕಾದವರು ಇದ್ದರೆ ಪ್ಯಾಸೆಂಜರ್ ಅಸಿಸ್ಟ್ ಎಂಬ ಉಚಿತ ಸೇವೆ ಇದೆ. ಪ್ರಯಾಣಕ್ಕೆ ಎರಡು ಗಂಟೆ ಮೊದಲು ಹೇಳಿದರೂ ಆಗುತ್ತದೆ, ಹಿಂದಿನ ದಿನವೇ ಹೇಳಿದರೆ ನಿಶ್ಚಿಂತೆ. ಸಿಬ್ಬಂದಿ ಬಂದು ರೈಲು ಹತ್ತಿಸುತ್ತಾರೆ, ಇಳಿಯುವ ಕಡೆ ಇನ್ನೊಬ್ಬರು ಕಾಯುತ್ತಾರೆ. ಕೇಳಲು ಸಂಕೋಚ ಬೇಡ. ನಮ್ಮ ಹಿರಿಯರು "ನನಗೆ ಏನೂ ಆಗಿಲ್ಲ" ಎಂದೇ ಹೇಳುತ್ತಾರೆ, ನೀವೇ ಬುಕ್ ಮಾಡಿಬಿಡಿ.

ಪೆಟ್ಟಿಗೆ, ಬುತ್ತಿ

ಅಲ್ಲಿ ಕೂಲಿಗಳಿಲ್ಲ. ನಿಮ್ಮ ಪೆಟ್ಟಿಗೆ ನೀವೇ ಎತ್ತಬೇಕು, ಅದೂ ಎರಡು ನಿಮಿಷದಲ್ಲಿ. ಹಾಗಾಗಿ ನಿಯಮ ಒಂದೇ. ದೊಡ್ಡವರಿಗೆ ತಲಾ ಒಂದು ಮಧ್ಯಮ ಗಾತ್ರದ ಪೆಟ್ಟಿಗೆ, ಮಕ್ಕಳಿಗೆ ಬೆನ್ನಚೀಲ. ವಿಮಾನದಲ್ಲಿ ಎಷ್ಟು ಕೆಜಿ ಬಿಡುತ್ತಾರೆ ಎಂದು ನೋಡಬೇಡಿ, ನಿಮ್ಮ ಕೈಯಲ್ಲಿ ರೈಲಿನ ಮೆಟ್ಟಿಲು ಹತ್ತಿಸಲು ಎಷ್ಟಾಗುತ್ತದೆ ನೋಡಿ. ಮನೆಯಲ್ಲೇ ತುಂಬಿದ ಪೆಟ್ಟಿಗೆ ಹಿಡಿದು ಒಂದು ಮಹಡಿ ಹತ್ತಿ ಇಳಿದರೆ ಗೊತ್ತಾಗುತ್ತದೆ. ವಿಂಡರ್ಮಿಯರ್ ಹೊತ್ತಿಗೆ ಒಂದು ಸಲ ಬಟ್ಟೆ ಒಗೆಯುವ ಹಾಗೆ ವಾರಕ್ಕಾಗುವಷ್ಟು ಬಟ್ಟೆ ಸಾಕು.

ಚಟ್ನಿಪುಡಿ, ಅವಲಕ್ಕಿ, ರೆಡಿ ಉಪ್ಪಿಟ್ಟು, ಹುರಿಗಾಳು, ಚಕ್ಕುಲಿ, ಕೋಡುಬಳೆ ತಗೊಂಡು ಹೋಗಿ. ಬಹುತೇಕ ಕೋಣೆಗಳಲ್ಲಿ ನೀರು ಕಾಯಿಸುವ ಕೆಟಲ್ ಇರುತ್ತದೆ, ಬಿಸಿನೀರು ಸುರಿದರೆ ಉಪ್ಪಿಟ್ಟು ಆಯಿತು. ಆದರೆ ಹಾಲಿನ ಪದಾರ್ಥ, ಮಾಂಸ ಎರಡನ್ನೂ ಎರಡೂ ದೇಶಕ್ಕೆ ಒಯ್ಯುವ ಹಾಗಿಲ್ಲ. ತುಪ್ಪ, ಧಾರವಾಡ ಪೇಡ ಮನೆಯಲ್ಲೇ ಬಿಡಿ. ಹಸಿ ಕರಿಬೇವು, ಮಾವಿನಹಣ್ಣು ಕೂಡ ಬೇಡ. ಪ್ಲಗ್ ಎರಡೂ ದೇಶದಲ್ಲಿ ಒಂದೇ ಬಗೆ, ಚಪ್ಪಟೆ ಮೂರು ಪಿನ್ನಿನದು. ಹಣ ಮಾತ್ರ ಬೇರೆ, ಇಂಗ್ಲೆಂಡಿನಲ್ಲಿ ಪೌಂಡ್, ಐರ್ಲೆಂಡಿನಲ್ಲಿ ಯೂರೋ. ಎರಡನ್ನೂ ತುಂಬಬಹುದಾದ ಫಾರೆಕ್ಸ್ ಕಾರ್ಡ್ ಮಾಡಿಸಿ, ದೊಡ್ಡವರೆಲ್ಲರಿಗೂ ಒಂದೊಂದು. ಯಾಕೆ ಎಂದು ಲಂಡನ್ ಬಸ್ಸಿನಲ್ಲಿ ಗೊತ್ತಾಗುತ್ತದೆ. ಪ್ರಯಾಣ ವಿಮೆ ಬಿಡಬೇಡಿ, ಆಸ್ಪತ್ರೆ ಖರ್ಚು ಪ್ರವಾಸಿಗಳ ಮೇಲೆಯೇ ಬೀಳುತ್ತದೆ.

ಲಂಡನ್

ಹೀಥ್ರೋ ವಿಮಾನ ನಿಲ್ದಾಣದಿಂದ ಎಲಿಜಬೆತ್ ಲೈನ್ ಎಂಬ ರೈಲು ಹಿಡಿಯಿರಿ. ನಿಲ್ದಾಣಗಳಲ್ಲೆಲ್ಲ ಲಿಫ್ಟ್ ಇದೆ, ಅರ್ಧ ಗಂಟೆಯಲ್ಲಿ ಪ್ಯಾಡಿಂಗ್ಟನ್. ಕಾರ್ಡ್ ಅಥವಾ ಫೋನ್ ತೋರಿಸಿ ಒಳಗೆ ಹೋಗಬಹುದು, ಆದರೆ ಒಂದು ಕಾರ್ಡಿನಲ್ಲಿ ಒಬ್ಬರೇ. ಅದಕ್ಕೇ ತಲಾ ಒಂದು ಕಾರ್ಡ್ ಎಂದದ್ದು. 11 ವರ್ಷದೊಳಗಿನ ಮಕ್ಕಳು ದೊಡ್ಡವರ ಜೊತೆ ಉಚಿತ, ಒಬ್ಬ ದೊಡ್ಡವರ ಜೊತೆ ನಾಲ್ವರು ಮಕ್ಕಳವರೆಗೆ. ಅಗಲವಾದ ಗೇಟಿನ ಹತ್ತಿರ ನಿಂತಿರುವ ಸಿಬ್ಬಂದಿಗೆ ಹೇಳಿದರೆ ಬಿಡುತ್ತಾರೆ. 11ರಿಂದ 15ರ ಮಕ್ಕಳಿಗೆ ಆಯ್ಸ್ಟರ್ ಎಂಬ, ದುಡ್ಡು ತುಂಬಿ ಬಳಸುವ ಪ್ರಯಾಣ ಕಾರ್ಡ್ ಕೊಂಡು, ನಿಲ್ದಾಣದ ಸಿಬ್ಬಂದಿಯ ಹತ್ತಿರ "ಯಂಗ್ ವಿಸಿಟರ್" ರಿಯಾಯಿತಿ ಹಾಕಿಸಿ. ಎರಡು ವಾರ ಅರ್ಧ ದರ.

ಸುರಂಗ ರೈಲು ವೇಗ, ಆದರೆ ಊರು ಕಾಣುವುದು ಬಸ್ಸಿನಲ್ಲಿ. ಬಸ್ಸಿನ ದರ 2025ರಲ್ಲಿ 1.75 ಪೌಂಡ್ ಇತ್ತು, ಮೊದಲ ಬಸ್ಸು ಹತ್ತಿ ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬದಲಾಯಿಸಿದರೂ ಒಂದೇ ದರ. ನಗದು ತಗೊಳ್ಳುವುದಿಲ್ಲ. ಮೇಲಿನ ಮಹಡಿಯ ಮುಂದಿನ ಸೀಟು ಸಿಕ್ಕರೆ ಮಕ್ಕಳಿಗೆ ಬೇರೆ ಟೂರ್ ಬಸ್ ಬೇಕಾಗಿಲ್ಲ. ಹಿರಿಯರಿಗೂ ಬಸ್ಸೇ ಒಳ್ಳೆಯದು. ಹಳೆಯ ಸುರಂಗ ನಿಲ್ದಾಣಗಳಲ್ಲಿ ಎಲ್ಲೋ ಒಂದು ಕಡೆ ಮೆಟ್ಟಿಲು ಎದುರಾಗೇ ಆಗುತ್ತದೆ.

ಉಳಿಯಲು ಯೂಸ್ಟನ್, ಕಿಂಗ್ಸ್ ಕ್ರಾಸ್ ಸುತ್ತ ನೋಡಿ. ಮುಂದಿನ ಊರಿನ ರೈಲು ಯೂಸ್ಟನ್‌ನಿಂದಲೇ ಹೊರಡುತ್ತದೆ. ಯೂಸ್ಟನ್ ಪಕ್ಕದ ಡ್ರಮಂಡ್ ಸ್ಟ್ರೀಟ್‌ನಲ್ಲಿ ಭಾರತದ ಸಸ್ಯಾಹಾರಿ ಹೋಟೆಲ್‌ಗಳು ಸಾಲಾಗಿವೆ. ಬಂದ ದಿನ ಸಂಜೆ ನಿದ್ದೆಗಣ್ಣಿನ ಮಕ್ಕಳಿಗೆ ದೋಸೆ ಸಿಕ್ಕರೆ ಅರ್ಧ ದಣಿವು ಕಡಿಮೆ ಆಗುತ್ತದೆ.

ದೊಡ್ಡ ಮ್ಯೂಸಿಯಂಗಳಿಗೆ ಪ್ರವೇಶ ಉಚಿತ. ಸೌತ್ ಕೆನ್ಸಿಂಗ್ಟನ್‌ನಲ್ಲಿ ನ್ಯಾಚುರಲ್ ಹಿಸ್ಟರಿ, ಸೈನ್ಸ್, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮೂರೂ ಅಕ್ಕಪಕ್ಕ. ಟಿಪ್ಪುವಿನ ಹುಲಿ ಇರುವುದು ಈ ಕೊನೆಯದರ ಸಂಗ್ರಹದಲ್ಲಿ. ಶ್ರೀರಂಗಪಟ್ಟಣದಿಂದ 1799ರಲ್ಲಿ ಒಯ್ದದ್ದು. ಹೋಗುವ ಮೊದಲು ಈಗ ಯಾವ ಕೋಣೆಯಲ್ಲಿ ಇಟ್ಟಿದ್ದಾರೆ, ಪ್ರದರ್ಶನದಲ್ಲಿ ಇದೆಯಾ ಎಂದು ಅವರ ವೆಬ್‌ಸೈಟಿನಲ್ಲಿ ನೋಡಿ. ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ಥೇಮ್ಸ್ ದಂಡೆಯಲ್ಲಿ ಬಲಕ್ಕೆ ತಿರುಗಿ ಲ್ಯಾಂಬೆತ್ ಕಡೆ ನಡೆದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನವರ ಪುತ್ಥಳಿ ಇದೆ, 2015ರ ನವೆಂಬರ್‌ನಲ್ಲಿ ಅನಾವರಣ ಆದದ್ದು. ನದಿಯಾಚೆ ಪಾರ್ಲಿಮೆಂಟ್, ಈಚೆ ಅನುಭವ ಮಂಟಪದ ಬಸವಣ್ಣ. ಮಕ್ಕಳಿಗೆ ಅಲ್ಲೇ ನಿಂತು ಕತೆ ಹೇಳಿ.

ವಿಂಡರ್ಮಿಯರ್

ಯೂಸ್ಟನ್‌ನಲ್ಲಿ ಪ್ಲಾಟ್‌ಫಾರ್ಮ್ ನಂಬರ್ ಹೊರಡುವ ಕೆಲವೇ ನಿಮಿಷ ಮೊದಲು ತೋರಿಸುತ್ತಾರೆ. ತೋರಿಸಿದ ಕೂಡಲೇ ಜನ ನುಗ್ಗುತ್ತಾರೆ. ನಿಮ್ಮ ಸೀಟು ಕಾಯ್ದಿರಿಸಿದೆ, ಗಾಬರಿ ಬೇಡ, ಆದರೆ ಬೋಗಿಯ ಅಕ್ಷರ ಮೊದಲೇ ನೋಡಿಟ್ಟುಕೊಳ್ಳಿ. ಆಕ್ಸನ್‌ಹೋಮ್‌ಗೆ ಸುಮಾರು ಎರಡೂಮುಕ್ಕಾಲು ಗಂಟೆ. ಅಲ್ಲಿ ಚಿಕ್ಕ ರೈಲಿಗೆ ಬದಲಾಯಿಸಿದರೆ ಇಪ್ಪತ್ತು ನಿಮಿಷದಲ್ಲಿ ವಿಂಡರ್ಮಿಯರ್.

ಇಲ್ಲಿ ಜನ ತಪ್ಪುವುದು ಒಂದು ಕಡೆ. ರೈಲು ನಿಲ್ದಾಣ ವಿಂಡರ್ಮಿಯರ್ ಊರಿನಲ್ಲಿದೆ, ಸರೋವರ ಇರುವುದು ಬೌನೆಸ್‌ನಲ್ಲಿ, ಎರಡು ಕಿಲೋಮೀಟರಿಗೂ ಜಾಸ್ತಿ ಇಳಿಜಾರು. ಕಾರಿಲ್ಲದವರು ನಿಲ್ದಾಣದ ಹತ್ತಿರವೇ ಉಳಿಯಿರಿ. ಬಸ್ಸುಗಳು ನಿಲ್ದಾಣದ ಮುಂದಿನಿಂದಲೇ ಹೊರಡುತ್ತವೆ, ಬೂತ್ಸ್ ಎಂಬ ಸೂಪರ್ ಮಾರ್ಕೆಟ್ ನಿಲ್ದಾಣಕ್ಕೆ ಅಂಟಿಕೊಂಡೇ ಇದೆ. ಹಾಲು, ಮೊಸರು, ಬ್ರೆಡ್ಡು, ಹಣ್ಣು ಎಲ್ಲ ಅಲ್ಲೇ. ಅಡುಗೆಮನೆ ಇರುವ ಮನೆ ಬಾಡಿಗೆಗೆ ಸಿಕ್ಕರೆ ಇಲ್ಲೇ ತಗೊಳ್ಳಿ, ಮೂರು ದಿನ ಅನ್ನ ಸಾರು ಮಾಡಿಕೊಳ್ಳಬಹುದು.

ಎರಡು ಬಸ್ ನಂಬರ್ ಸಾಕು. 555 ಆಂಬಲ್‌ಸೈಡ್, ಗ್ರಾಸ್ಮಿಯರ್ ದಾಟಿ ಕೆಸ್ವಿಕ್‌ವರೆಗೆ ಹೋಗುತ್ತದೆ, ದಾರಿಯುದ್ದಕ್ಕೂ ಬೆಟ್ಟ, ಸರೋವರ. 599 ಬೌನೆಸ್‌ನಿಂದ ವಿಂಡರ್ಮಿಯರ್ ಮೇಲೆ ಗ್ರಾಸ್ಮಿಯರ್‌ವರೆಗೆ, ಬೇಸಿಗೆಯಲ್ಲಿ ಮೇಲ್ಛಾವಣಿ ಇಲ್ಲದ ಬಸ್ಸು. ಲಂಡನ್ ಹೊರಗೆ ಇಂಗ್ಲೆಂಡಿನ ಹೆಚ್ಚಿನ ಬಸ್ಸುಗಳಲ್ಲಿ ಒಂದು ಸಲದ ಪ್ರಯಾಣಕ್ಕೆ 3 ಪೌಂಡ್ ಮಿತಿ ಇದೆ. ಅಷ್ಟು ದುಡ್ಡಿಗೆ ಕೆಸ್ವಿಕ್‌ವರೆಗಿನ ಆ ದಾರಿ ಸಿಗುವುದು ದೊಡ್ಡ ಲಾಭ. ಒಂದು ದಿನ ಬಸ್ಸು, ಒಂದು ದಿನ ಸರೋವರದಲ್ಲಿ ದೋಣಿ. ನಿಲ್ದಾಣದ ಎದುರಿನಿಂದಲೇ ಆರೆಸ್ಟ್ ಹೆಡ್ ಎಂಬ ಗುಡ್ಡಕ್ಕೆ ದಾರಿ ಇದೆ, ಮಕ್ಕಳ ಕಾಲಿಗೂ ಅರ್ಧ ಗಂಟೆ ಚಿಲ್ಲರೆ. ಮೇಲಿನಿಂದ ಇಡೀ ಸರೋವರ ಕಾಣುತ್ತದೆ. ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಬೆಳಿಗ್ಗೆಯೇ ನೋಡಿಕೊಂಡು ಹೊರಡಿ.

ಚೆಸ್ಟರ್, ಆಮೇಲೆ ಹಡಗು

ಆಕ್ಸನ್‌ಹೋಮ್‌ನಿಂದ ವಾರಿಂಗ್ಟನ್ ಬ್ಯಾಂಕ್ ಕೀ ಅಥವಾ ಕ್ರೂನಲ್ಲಿ ಬದಲಾಯಿಸಿದರೆ ಚೆಸ್ಟರ್. ವಿಂಡರ್ಮಿಯರ್‌ನಿಂದ ಹಡಗಿನವರೆಗೆ ಒಂದೇ ದಿನದಲ್ಲಿ ಹೋಗಬಹುದು, ಆದರೆ ಮಕ್ಕಳಿದ್ದರೆ ಬೇಡ. ಚೆಸ್ಟರ್‌ನಲ್ಲಿ ಒಂದು ರಾತ್ರಿ ನಿಂತರೆ ಕಾಲು ಸಡಿಲ ಆಗುತ್ತದೆ. ರೋಮನ್ನರು ಶುರು ಮಾಡಿದ ಕೋಟೆಗೋಡೆ ಊರನ್ನು ಸುತ್ತಿಕೊಂಡಿದೆ, ಮೂರು ಕಿಲೋಮೀಟರ್ ಗೋಡೆಯ ಮೇಲೆಯೇ ನಡೆಯಬಹುದು.

ಇಲ್ಲಿಂದ ಡಬ್ಲಿನ್‌ಗೆ "ಸೇಲ್‌ರೈಲ್" ಟಿಕೆಟ್ ತಗೊಳ್ಳಿ. ರೈಲು, ಹಡಗು ಎರಡೂ ಒಂದೇ ಟಿಕೆಟ್‌ನಲ್ಲಿ. ವಿಮಾನದ ಹಾಗೆ ದಿನದಿಂದ ದಿನಕ್ಕೆ ಬೆಲೆ ಏರುವುದಿಲ್ಲ, ಪೆಟ್ಟಿಗೆಗೆ ಬೇರೆ ದುಡ್ಡು ಕೇಳುವುದಿಲ್ಲ. ಅಗ್ಗದ ವಿಮಾನ ನೋಡಿ ಆಸೆಪಡುವವರು ಪೆಟ್ಟಿಗೆ ಶುಲ್ಕ, ವಿಮಾನ ನಿಲ್ದಾಣಕ್ಕೆ ಹೋಗಿಬರುವ ಖರ್ಚು ಕೂಡಿಸಿ ನೋಡಿ.

ಈ ರೈಲಿನಲ್ಲಿ ಬಲಗಡೆ ಕೂರಿ. ಕಡಲು ಆ ಕಡೆ. ಕಾನ್‌ವಿ ಎಂಬಲ್ಲಿ ಹಳಿ ಕೋಟೆಯ ಬುಡಕ್ಕೇ ತಾಗಿಕೊಂಡು ಹೋಗುತ್ತದೆ. 1848ರಲ್ಲಿ ರಾಬರ್ಟ್ ಸ್ಟೀಫನ್‌ಸನ್ ಕಟ್ಟಿದ ಕಬ್ಬಿಣದ ಕೊಳವೆಯಂಥ ಸೇತುವೆಯೊಳಗೆ ರೈಲು ನುಗ್ಗುವಾಗ ಒಂದು ಕ್ಷಣ ಕತ್ತಲೆ, ಹೊರಗೆ ಬಂದ ಕೂಡಲೇ ಕಿಟಕಿಯ ತುಂಬ ಕೋಟೆಯ ಗೋಪುರಗಳು. ಫೋನ್ ಮೊದಲೇ ಕೈಯಲ್ಲಿ ಹಿಡಿದಿರಿ. ಮೆನಾಯ್ ಜಲಸಂಧಿ ದಾಟಿದ ಮೇಲೆ ಸಿಗುವ ನಿಲ್ದಾಣದ ಊರಿನ ಹೆಸರಿಗೆ ಇಂಗ್ಲಿಷ್ ಅಕ್ಷರದಲ್ಲಿ 58 ಅಕ್ಷರ, ಮಕ್ಕಳಿಗೆ ಫಲಕ ಓದಲು ಹೇಳಿ.

ಹಾಲಿಹೆಡ್‌ನಲ್ಲಿ ರೈಲು ನಿಲ್ದಾಣ, ಹಡಗಿನ ಟರ್ಮಿನಲ್ ಒಟ್ಟಿಗೇ ಇವೆ. ಒಂದು ಗಂಟೆ ಮೊದಲು ತಲುಪುವ ರೈಲು ಆರಿಸಿ. ದೊಡ್ಡ ಪೆಟ್ಟಿಗೆಗಳನ್ನು ಕೌಂಟರಿನಲ್ಲಿ ಕೊಟ್ಟರೆ ಡಬ್ಲಿನ್‌ನಲ್ಲಿ ಬೆಲ್ಟಿನ ಮೇಲೆ ಬರುತ್ತವೆ. ಪಾಸ್‌ಪೋರ್ಟ್, ವೀಸಾದ ಕಾಗದ, ಡಬ್ಲಿನ್ ಹೋಟೆಲ್ ಬುಕಿಂಗ್, ವಾಪಸ್ ವಿಮಾನ ಟಿಕೆಟ್ ಇವನ್ನು ಆ ಪೆಟ್ಟಿಗೆಯಲ್ಲಿ ಹಾಕಬೇಡಿ, ಡಬ್ಲಿನ್‌ನಲ್ಲಿ ಕೇಳುತ್ತಾರೆ. ಪ್ರಯಾಣ ಮೂರೂಕಾಲು ಗಂಟೆ. ಕಡಲು ಏರುಪೇರಾಗಿದ್ದರೆ ಹಡಗಿನ ನಡುಭಾಗದಲ್ಲಿ ಕೂರಿ, ಅಲ್ಲಿ ಓಲಾಟ ಕಡಿಮೆ. ವಾಂತಿ ಬರುವ ಮಕ್ಕಳಿಗೆ ವೈದ್ಯರು ಹೇಳಿದ ಮಾತ್ರೆಯನ್ನು ಹೊರಡುವ ಮೊದಲೇ ಕೊಡಿ. ಬಿರುಗಾಳಿ ಬಂದರೆ ಹಡಗು ರದ್ದಾಗಬಹುದು, ಅದಕ್ಕೇ ಡಬ್ಲಿನ್ ತಲುಪುವ ದಿನ ಬೇರೆ ಯಾವ ಟಿಕೆಟ್ಟೂ ಇಟ್ಟುಕೊಳ್ಳಬೇಡಿ.

ಡಬ್ಲಿನ್

ಬಂದರಿನಲ್ಲಿ ರೈಲು ಇಲ್ಲ. ಊರಿಗೆ ಮೂರ್ನಾಲ್ಕು ಕಿಲೋಮೀಟರ್, ಮನೆಮಂದಿಯೆಲ್ಲ ಇದ್ದಾಗ ಟ್ಯಾಕ್ಸಿಯೇ ಸರಿ. ಹೋಟೆಲನ್ನು ಕಾನಲಿ ಮತ್ತು ಹ್ಯೂಸ್ಟನ್ ನಿಲ್ದಾಣಗಳ ನಡುವೆ, ಲುವಾಸ್ ಕೆಂಪು ಟ್ರಾಮ್ ಹಳಿಯ ಹತ್ತಿರ ಮಾಡಿ. ಸ್ಮಿತ್‌ಫೀಲ್ಡ್ ಒಳ್ಳೆಯ ಜಾಗ. ಗಾಲ್ವೇ ರೈಲು ಹ್ಯೂಸ್ಟನ್‌ನಿಂದ, ಕಡಲ ಕಡೆಯ ಡಾರ್ಟ್ ರೈಲು ಕಾನಲಿಯಿಂದ.

ಇಲ್ಲಿ ಲೀಪ್ ಕಾರ್ಡ್ ಬೇಕು. ಅದನ್ನು ತೋರಿಸಿದರೆ 90 ನಿಮಿಷದೊಳಗೆ ಬಸ್ಸು, ಟ್ರಾಮ್, ಡಾರ್ಟ್ ಬದಲಾಯಿಸಿದರೂ ದೊಡ್ಡವರಿಗೆ 2 ಯೂರೋ. ಜಾಸ್ತಿ ಓಡಾಡುವವರಿಗೆ ಒಂದು, ಮೂರು, ಏಳು ದಿನದ ವಿಸಿಟರ್ ಕಾರ್ಡ್ ಇದೆ. ಒಂದು ದಿನ ಡಾರ್ಟ್ ಹಿಡಿದು ಹೌತ್‌ಗೆ ಹೋಗಿ ಕಡಲ ಬಂಡೆಯ ಮೇಲಿನ ದಾರಿಯಲ್ಲಿ ನಡೆಯಿರಿ. ಇನ್ನೊಂದು ದಿನ ಊರೊಳಗೆ. ಕಿಲ್ಡೇರ್ ಸ್ಟ್ರೀಟ್‌ನ ರಾಷ್ಟ್ರೀಯ ಮ್ಯೂಸಿಯಂ, ಡಬ್ಲಿನ್ ಕೋಟೆಯ ಆವರಣದ ಚೆಸ್ಟರ್ ಬೀಟಿ ಎಂಬ ಮ್ಯೂಸಿಯಂ ಎರಡಕ್ಕೂ ಪ್ರವೇಶ ಉಚಿತ. ಚೆಸ್ಟರ್ ಬೀಟಿಯಲ್ಲಿ ಮೊಘಲರ ಕಾಲದ ಚಿತ್ರಗಳ ಒಳ್ಳೆಯ ಸಂಗ್ರಹ ಇದೆ.

ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್, ಕಡಲ ದಂಡೆಯ ಕಲ್ಲುಕಂಬಗಳ ಜಾಗವಾದ ಜಯಂಟ್ಸ್ ಕಾಸ್‌ವೇ ನೋಡುವ ಆಸೆ ಇದ್ದರೆ ಒಂದು ರಾತ್ರಿ ಸೇರಿಸಿ. ಡಬ್ಲಿನ್‌ನಿಂದ ಬೆಲ್‌ಫಾಸ್ಟ್‌ಗೆ ರೈಲಿನಲ್ಲಿ ಸುಮಾರು ಎರಡು ಗಂಟೆ. ಗಡಿಯಲ್ಲಿ ಯಾರೂ ತಡೆಯುವುದಿಲ್ಲ, ಆದರೂ ಅದು ಬ್ರಿಟನ್ನಿಗೆ ಸೇರಿದ ನೆಲ, ಅಲ್ಲಿಗೆ ನಡೆಯುವ ವೀಸಾ ಇರಲೇಬೇಕು, ಹಣವೂ ಪೌಂಡ್.

ಗಾಲ್ವೇ

ಹ್ಯೂಸ್ಟನ್‌ನಿಂದ ಎರಡೂವರೆ ಗಂಟೆ. ಆನ್‌ಲೈನ್‌ನಲ್ಲಿ ಮೊದಲೇ ಕೊಂಡರೆ ಅಗ್ಗ, ಸೀಟಿನ ಮೇಲಿನ ಪುಟ್ಟ ಪರದೆಯಲ್ಲಿ ನಿಮ್ಮ ಹೆಸರೇ ಬರುತ್ತದೆ. ಮಕ್ಕಳ ಹೆಸರೂ ಸರಿಯಾಗಿ ತುಂಬಿ, ತಮ್ಮ ಹೆಸರು ಹುಡುಕುವುದೇ ಅವರಿಗೆ ಸಂಭ್ರಮ. ಗಾಲ್ವೇ ನಿಲ್ದಾಣದ ಹೊರಗೆ ಬಂದರೆ ಐರ್ ಸ್ಕ್ವೇರ್, ಊರಿನ ನಡುಮಧ್ಯ. ಅದರ ಸುತ್ತಲೇ ಉಳಿಯಿರಿ, ಟೂರ್ ಬಸ್ಸುಗಳೂ ಅಲ್ಲೇ ಹತ್ತಿರದಿಂದ ಹೊರಡುತ್ತವೆ.

ಒಂದು ದಿನ ಮೋಹರ್ ಬಂಡೆಗಳಿಗೆ. ಕಡಲಿನಿಂದ ನೇರ ಎದ್ದು ನಿಂತ ಗೋಡೆ, ಎತ್ತರದ ಕಡೆ 214 ಮೀಟರ್. 350 ನಂಬರ್ ಬಸ್ಸೂ ಹೋಗುತ್ತದೆ, ಅಗ್ಗ, ಆದರೆ ನಿಧಾನ. ಮಕ್ಕಳಿದ್ದರೆ ದಿನದ ಟೂರ್ ಬಸ್ಸು ಆರಾಮ, ಬರೆನ್ ಎಂಬ ಸುಣ್ಣಕಲ್ಲಿನ ಬಯಲನ್ನೂ ತೋರಿಸುತ್ತಾರೆ. ಬಂಡೆಯ ಅಂಚಿನಲ್ಲಿ ಗಾಳಿ ದೊಡ್ಡವರನ್ನೇ ತಳ್ಳುತ್ತದೆ. ಕಲ್ಲಿನ ತಡೆಗೋಡೆಯ ಒಳಗೇ ನಡೆಯಿರಿ, ಚಿಕ್ಕವರ ಕೈ ಬಿಡಬೇಡಿ, ಫೋಟೋಗೆಂದು ಅಂಚಿಗೆ ಹೋಗಬೇಡಿ.

ಇನ್ನೊಂದು ದಿನ ಇನಿಷ್ ಮೋರ್ ದ್ವೀಪ. ಗಾಲ್ವೇಯಿಂದ ಬಸ್ಸಿನಲ್ಲಿ ರಾಸವೀಲ್ ಬಂದರು, ಅಲ್ಲಿಂದ ದೋಣಿಯಲ್ಲಿ 40 ನಿಮಿಷ. ಬಸ್ಸು, ದೋಣಿ ಒಟ್ಟಿಗೆ ಬುಕ್ ಮಾಡಬಹುದು. ದ್ವೀಪದಲ್ಲಿ ಸೈಕಲ್ ಬಾಡಿಗೆಗೆ ಸಿಗುತ್ತದೆ, ಹಿರಿಯರಿಗೆ ಕುದುರೆಗಾಡಿ, ಸಣ್ಣ ವ್ಯಾನ್ ಇವೆ. ದೂನ್ ಎಂಗಸ್ ಕೋಟೆಗೆ ಹೋಗುವ ಕೊನೆಯ ದಾರಿ ಕಲ್ಲುಕಲ್ಲು, ಚಪ್ಪಲಿ ಬೇಡ, ಶೂ ಹಾಕಿ. ಮೂರನೇ ದಿನ ಖಾಲಿ ಇಡಿ. ಮಳೆಗೆ ಒಂದು ದಿನ ಹೋಗಬಹುದು, ಹೋಗದಿದ್ದರೆ ಸಾಲ್ಟ್‌ಹಿಲ್ ಕಡಲ ದಂಡೆಯಲ್ಲಿ ಸುಮ್ನೆ ನಡೆಯಿರಿ.

ವಾಪಸ್ ಹೋಗಲು ಡಬ್ಲಿನ್ ಊರೊಳಗೆ ಬರುವ ಅಗತ್ಯವೇ ಇಲ್ಲ. ಗಾಲ್ವೇಯಿಂದ ನೇರವಾಗಿ ಡಬ್ಲಿನ್ ವಿಮಾನ ನಿಲ್ದಾಣಕ್ಕೆ ಬಸ್ಸುಗಳಿವೆ, ಸುಮಾರು ಎರಡೂವರೆಯಿಂದ ಮೂರು ಗಂಟೆ. ಡಬ್ಲಿನ್ ವಿಮಾನ ನಿಲ್ದಾಣಕ್ಕೆ ರೈಲು ಇಲ್ಲದ ಕಾರಣ ಇದೇ ಸುಲಭದ ದಾರಿ. ಸೀಟು ಮೊದಲೇ ಕಾಯ್ದಿರಿಸಿ, ವಿಮಾನಕ್ಕೆ ಮೂರೂವರೆ ಗಂಟೆ ಮೊದಲು ತಲುಪುವ ಬಸ್ಸು ಹಿಡಿಯಿರಿ. ಬೆಳಗಿನ ವಿಮಾನ ಆದರೆ ಹಿಂದಿನ ಸಂಜೆಯೇ ಬಂದು ನಿಲ್ದಾಣದ ಹತ್ತಿರ ಉಳಿಯಿರಿ. ಟರ್ಮಿನಲ್ ಎರಡಿವೆ, ನಿಮ್ಮ ವಿಮಾನ ಯಾವುದರಿಂದ ಎಂದು ಟಿಕೆಟ್ಟಿನಲ್ಲಿ ನೋಡಿ ಚಾಲಕರಿಗೆ ಹತ್ತುವಾಗಲೇ ಹೇಳಿಬಿಡಿ.